ಮೆತ್ತಗೆ ಬೀಳುವ ಗೇರ್ ಒಳ್ಳೆಯದಲ್ಲ

ಬಾನೆಟ್ ಎತ್ತಿ: ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹಳೆಯ ಆಟೊಮ್ಯಾಟಿಕ್ ಕಾರುಗಳದ್ದೇ ಕಾರುಬಾರು. ಅದರಲ್ಲೂ ಮೊದಲ ಎರಡು ಪತ್ರಗಳ ತಕರಾರು ಒಂದೇ. ಕಾರು ಬೇರೆ, ಊರು ಬೇರೆ ಅಷ್ಟೆ. ಬ್ಯಾಟರಿ, ಬ್ರೇಕಿನ ಪ್ರಶ್ನೆ ಕಳಿಸಿದವರು ಮುಂದಿನ ತಿಂಗಳವರೆಗೆ ಸ್ವಲ್ಪ ತಾಳಿಕೊಳ್ಳಿ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇವೆ. ನಮ್ಮದು 1983ರ ಮರ್ಸಿಡಿಸ್ 300ಡಿ, ಟರ್ಬೊ ಡೀಸೆಲ್. ಎರಡು ಲಕ್ಷ ಮೈಲಿ ದಾಟಿದೆ. ಮೊದಲು ಗೇರ್ ಬದಲಾಗುವಾಗ ಬೆನ್ನಿಗೆ ಸಣ್ಣದೊಂದು ತಳ್ಳು ಗೊತ್ತಾಗುತ್ತಿತ್ತು. ಈಗ ಕೆಲವು ವಾರಗಳಿಂದ ಗೇರ್ ಬೇಗ ಬೇಗ ಬೀಳುತ್ತಿದೆ, ಬಿದ್ದದ್ದೇ ಗೊತ್ತಾಗುವುದಿಲ್ಲ. ಆಕ್ಸಿಲರೇಟರ್ ಅರ್ಧ ಒತ್ತಿದ್ದರೂ 25 ಮೈಲಿ ವೇಗಕ್ಕೇ ಟಾಪ್ ಗೇರ್‌ಗೆ ಹೋಗಿ ಕೂತುಬಿಡುತ್ತದೆ. ಕೆಲವು ಸಲ ಎರಡರಿಂದ ಮೂರಕ್ಕೆ ಹೋಗುವಾಗ ಇಂಜಿನ್ ಒಂದು ಕ್ಷಣ ಖಾಲಿ ಕೂಗಿ ಆಮೇಲೆ ಹಿಡಿಯುತ್ತದೆ. ಪಿಕಪ್ ಕೂಡ ಕಮ್ಮಿ ಆಗಿದೆ. ಮನೆಯಾಕೆ ಮಾತ್ರ ‘ಈಗಲೇ ಚೆನ್ನಾಗಿದೆ, ಜರ್ಕೇ ಇಲ್ಲ, ಸುಮ್ನಿರಿ’ ಅನ್ನುತ್ತಾಳೆ. ಇಲ್ಲಿನ ಒಂದು ಗ್ಯಾರೇಜಿನವರು ಗೇರ್‌ಬಾಕ್ಸ್ ಬಿಚ್ಚಿ ಪೂರ್ತಿ ರೀಬಿಲ್ಡ್ ಮಾಡಬೇಕು ಅಂದರು. ಇನ್ನೊಬ್ಬರು ವ್ಯಾಕ್ಯೂಮ್ ಪೈಪ್‌ಗಳನ್ನೆಲ್ಲ ಬದಲಿಸಿ ಅಂದರು. ಯಾರ ಮಾತು ಕೇಳಲಿ? ಅಂದ ಹಾಗೆ, ಇದಕ್ಕೆ ಮುಂಚೆ ಮಾಡಿಸಿದ್ದು ಟ್ಯಾಪೆಟ್ ಸೆಟ್ಟಿಂಗ್ ಒಂದೇ.

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ‘ಅಂದ ಹಾಗೆ’ ಅಂತ ಕೊನೆಗೆ ಸೇರಿಸಿದಿರಲ್ಲ, ನನಗೆ ಬೇಕಾಗಿದ್ದು ಆ ಸಾಲು.

ನಿಮ್ಮ ಕಾರಿನ ಐದು ಸಿಲಿಂಡರ್ ಇಂಜಿನ್ನಿಗೆ 15,000 ಮೈಲಿಗೊಮ್ಮೆ ಟ್ಯಾಪೆಟ್ ಸೆಟ್ಟಿಂಗ್, ಅಂದರೆ ಕವಾಟಗಳ ಸಂದು ಅಳೆದು ಸರಿಪಡಿಸುವ ಕೆಲಸ, ಮಾಡಬೇಕು. ಅದಕ್ಕೆ ಮೇಲಿನ ಕವರ್ ತೆಗೆಯಬೇಕು. ಆಕ್ಸಿಲರೇಟರ್ ಲಿಂಕೇಜು, ಅಂದರೆ ಕಾಲಿನ ಒತ್ತಡವನ್ನು ಇಂಜಿನ್ನಿಗೆ ಮುಟ್ಟಿಸುವ ಕಡ್ಡಿ-ಕೀಲುಗಳು, ಹಾದುಹೋಗುವುದು ಇದೇ ಕವರಿನ ಮೇಲೆ. ಗೇರ್‌ಬಾಕ್ಸಿಗೆ ಹೋಗುವ ಬೌಡನ್ ಕೇಬಲ್ಲಿನ (ಕವಚದೊಳಗೆ ಎಳೆಯುವ ತಂತಿ) ತುದಿ ಸಿಕ್ಕಿಸಿರುವುದೂ ಅಲ್ಲೇ. ಪಕ್ಕದಲ್ಲೇ ನಾಲ್ಕಾರು ವ್ಯಾಕ್ಯೂಮ್ (ಗಾಳಿ ಹೀರುವ ಸೆಳೆತ) ಪೈಪುಗಳಿವೆ. ಕವರ್ ತೆಗೆಯುವವನು ಇದನ್ನೆಲ್ಲ ಕಳಚಿ ಬದಿಗಿಡಲೇಬೇಕು, ಆಮೇಲೆ ತಿರುಗಿ ಜೋಡಿಸಬೇಕು. ಟ್ಯಾಪೆಟ್ ಕೆಲಸ ಚೆನ್ನಾಗಿಯೇ ಮಾಡಿರಬಹುದು. ಆದರೆ ತಿರುಗಿ ಜೋಡಿಸುವಾಗ ಒಂದು ಕೊಂಡಿ ತಪ್ಪಿದರೂ, ಒಂದು ಪೈಪ್ ಅದಲುಬದಲಾದರೂ ನೀವು ಬರೆದಿರುವುದೇ ಆಗುತ್ತದೆ. ಇಷ್ಟು ದಿನ ಸರಿ ಇದ್ದ ಗೇರ್‌ಬಾಕ್ಸ್ ಟ್ಯಾಪೆಟ್ ಸೆಟ್ಟಿಂಗ್ ಆದ ಮೇಲೆ ಕೆಟ್ಟಿತು ಅಂದರೆ ಮೊದಲು ನೋಡಬೇಕಾದ್ದು ಇಂಜಿನ್ ಮೇಲೆ, ಗೇರ್‌ಬಾಕ್ಸ್ ಒಳಗಲ್ಲ.

ಈ ಗೇರ್ ಡಬ್ಬ ಹೇಗೆ ಯೋಚಿಸುತ್ತದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಆಗ ಹುಡುಕುವುದು ಸುಲಭ. ನಿಮ್ಮದು 722.3 ಅನ್ನುವ ನಾಲ್ಕು ಗೇರಿನ ಪೆಟ್ಟಿಗೆ. ಕಂಪ್ಯೂಟರ್ ಇಲ್ಲ. ಕಾರು ಎಷ್ಟು ವೇಗದಲ್ಲಿದೆ ಅನ್ನುವುದು ಅದಕ್ಕೆ ತನ್ನೊಳಗಿನ ಗವರ್ನರ್‌ನಿಂದಲೇ ಗೊತ್ತಾಗುತ್ತದೆ. ಆದರೆ ನೀವು ಎಷ್ಟು ಶಕ್ತಿ ಕೇಳುತ್ತಿದ್ದೀರಿ ಅನ್ನುವುದನ್ನು ಹೊರಗಿನವರು ಹೇಳಬೇಕು. ಹೇಳುವವರು ಇಬ್ಬರು. ಒಂದು, ಆ ಬೌಡನ್ ಕೇಬಲ್. ಗೇರ್ ಯಾವಾಗ ಬೀಳಬೇಕು ಅನ್ನುವುದು ಮುಖ್ಯವಾಗಿ ಇದರ ಕೈಯಲ್ಲಿದೆ. ಕೇಬಲ್ ಬಿಗಿಯಾದಷ್ಟೂ ಗೇರ್ ತಡವಾಗಿ ಬೀಳುತ್ತದೆ, ಸಡಿಲವಾದಷ್ಟೂ ಬೇಗ. ಇನ್ನೊಂದು, ವ್ಯಾಕ್ಯೂಮ್ ಮಾಡ್ಯುಲೇಟರ್. ಗೇರ್ ಎಷ್ಟು ಗಟ್ಟಿಯಾಗಿ ಹಿಡಿಯಬೇಕು ಅನ್ನುವುದು ಇದರ ಕೆಲಸ. ಹತ್ತು ಜನರಿಗೆ ಅಂತ ಹೇಳಿ ನೂರು ಜನರನ್ನು ಊಟಕ್ಕೆ ಕೂರಿಸಿದರೆ ಅಡುಗೆಯವನನ್ನು ಬೈಯುವಂತಿಲ್ಲ, ಅಲ್ವಾ? ನಿಮ್ಮ ಗೇರ್‌ಬಾಕ್ಸಿನ ಸ್ಥಿತಿಯೂ ಅದೇ ಅಂತ ನನ್ನ ಅಂದಾಜು. ನೀವು ಅರ್ಧ ಒತ್ತಿದ್ದೀರಿ, ಅದಕ್ಕೆ ‘ಸುಮ್ನೆ ಕಾಲಿಟ್ಟಿದ್ದಾರೆ’ ಅಂತ ಸುದ್ದಿ ಹೋಗುತ್ತಿದೆ.

ಈಗ ವ್ಯಾಕ್ಯೂಮ್ ಪೈಪ್ ಬದಲಿಸಿ ಅಂದವರ ವಿಷಯ. ಹಳೆಯ ಬೆಂಜ್ ಡೀಸೆಲ್ ಅಂದರೆ ಎಲ್ಲರ ಬಾಯಲ್ಲೂ ಬರುವ ಸಲಹೆ ಇದು. ಡೀಸೆಲ್ ಇಂಜಿನ್ನಿನಲ್ಲಿ ಪೆಟ್ರೋಲ್ ಇಂಜಿನ್ನಿನ ಹಾಗೆ ತಾನಾಗಿ ವ್ಯಾಕ್ಯೂಮ್ ಹುಟ್ಟುವುದಿಲ್ಲ. ಅದಕ್ಕೇ ಇಂಜಿನ್ ಮುಂಭಾಗದಲ್ಲಿ ಒಂದು ವ್ಯಾಕ್ಯೂಮ್ ಪಂಪ್ ಇಟ್ಟಿದ್ದಾರೆ. ಬ್ರೇಕ್ ಬೂಸ್ಟರ್, ಬಾಗಿಲಿನ ಲಾಕ್, ಕೀ ತಿರುಗಿಸಿದಾಗ ಇಂಜಿನ್ ನಿಲ್ಲಿಸುವುದು, ಈ ಮಾಡ್ಯುಲೇಟರ್ ಎಲ್ಲವೂ ಅದೇ ಪಂಪಿನ ಮೇಲೆ ನಡೆಯುತ್ತವೆ. ನಲವತ್ತು ವರ್ಷದ ರಬ್ಬರ್ ಎಲ್ಲಾದರೂ ಬಿರುಕು ಬಿಟ್ಟೇ ಬಿಟ್ಟಿರುತ್ತದೆ. ಆ ಮಟ್ಟಿಗೆ ಅವರ ಮಾತು ಸುಳ್ಳಲ್ಲ. ಆದರೆ ಪೈಪ್ ಸೋರಿದರೆ ಏನಾಗಬೇಕು? ಮಾಡ್ಯುಲೇಟರಿಗೆ ವ್ಯಾಕ್ಯೂಮ್ ಜಾಸ್ತಿ ಸಿಕ್ಕರೆ ಒಳಗಿನ ಪ್ರೆಶರ್ ಇಳಿಯುತ್ತದೆ, ಗೇರ್ ಮೆತ್ತಗಾಗುತ್ತದೆ. ವ್ಯಾಕ್ಯೂಮ್ ಕಮ್ಮಿ ಆದರೆ ಪ್ರೆಶರ್ ಏರಿ ಗೇರ್ ದಡಕ್ ಅಂತ ಬೀಳುತ್ತದೆ. ಅಂದರೆ ಪೈಪ್ ಸೋರಿದ ಕಾರು ಒದೆಯಬೇಕು. ನಿಮ್ಮದು ಒದೆಯುವುದಿಲ್ಲ, ಜಾರುತ್ತದೆ. ನಿಮ್ಮ ಕಾಯಿಲೆ ಅದರ ತದ್ವಿರುದ್ಧದ್ದು. ಪೈಪೆಲ್ಲ ಹೊಸದು ಹಾಕಿದರೆ ಇನ್ನೂ ಮೆತ್ತಗಾದರೂ ಆಶ್ಚರ್ಯವಿಲ್ಲ.

ಕೆಲಸ ಶುರು ಮಾಡುವ ಮುಂಚೆ ಗೇರ್ ಆಯಿಲ್ ನೋಡಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಲಿವರ್ ‘ಪಿ’ನಲ್ಲಿಟ್ಟು, ಇಂಜಿನ್ ಓಡುತ್ತಿರುವಾಗಲೇ ನೋಡಬೇಕು. ಅದಕ್ಕೂ ಮುಂಚೆ ಒಂದರ್ಧ ಗಂಟೆ ಓಡಿಸಿರಬೇಕು, ಯಾಕೆಂದರೆ ಡಿಪ್‌ಸ್ಟಿಕ್‌ನ ಗುರುತುಗಳು ಸುಮಾರು 80 ಡಿಗ್ರಿ ಬಿಸಿಯ ಆಯಿಲ್‌ಗೆ ಮಾಡಿದ್ದು. ತಣ್ಣಗಿದ್ದಾಗ ನೋಡಿ ‘ಕಮ್ಮಿ ಇದೆ’ ಅಂತ ಸುರಿಯುವವರೇ ಜಾಸ್ತಿ. ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಇರುವ ವ್ಯತ್ಯಾಸ ಅರ್ಧ ಲೀಟರಿಗೂ ಕಡಿಮೆ, ನೆನಪಿರಲಿ. ನೂಲು ಬಿಡುವ ಬಟ್ಟೆಯಲ್ಲಿ ಕಡ್ಡಿ ಒರೆಸಬೇಡಿ. ಒಂದು ಎಳೆ ಒಳಗೆ ಹೋದರೂ ಕವಾಟದಲ್ಲಿ ಸಿಕ್ಕಿಕೊಳ್ಳುತ್ತದೆ. ಆಯಿಲ್ ಕೆಂಪಗಿದ್ದರೆ ಸಂತೋಷ. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್ ಆಗಲೇ ಸವೆಯುತ್ತಿದೆ ಅಂತ ಅರ್ಥ.

ಆಯಿಲ್ ಸರಿ ಇದ್ದರೆ ಇಂಜಿನ್ ಆಫ್ ಮಾಡಿ. ಒಳಗೆ ಮನೆಯಾಕೆಯನ್ನು ಕೂರಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಲು ಹೇಳಿ. ನೀವು ಹೊರಗೆ ಬಗ್ಗಿ, ಇಂಜಿನ್ನಿಗೆ ಡೀಸೆಲ್ ಕಳಿಸುವ ಇಂಜೆಕ್ಷನ್ ಪಂಪಿನ ಲಿವರ್ ನೋಡಿ. ಕಾಲು ಕೊನೆ ಮುಟ್ಟಿದಾಗ ಆ ಲಿವರ್ ಕೂಡ ತನ್ನ ಕೊನೆಯ ಸ್ಟಾಪ್‌ಗೆ ತಾಗಬೇಕು. ತಾಗದಿದ್ದರೆ ಮೊದಲು ಕಾಲಡಿಯ ಮ್ಯಾಟ್ ಎತ್ತಿ. ನಗಬೇಡಿ, ದುಬೈನ ವರ್ಕ್‌ಶಾಪಿನಲ್ಲಿದ್ದಾಗ ಮ್ಯಾಟ್ ಮೇಲೆ ಮ್ಯಾಟ್ ಹಾಕಿ, ಅದರ ಮೇಲೆ ರತ್ನಗಂಬಳಿ ಹಾಸಿದ ಬೆಂಜ್‌ಗಳು ‘ಪಿಕಪ್ ಇಲ್ಲ’ ಅಂತ ಬರುತ್ತಿದ್ದವು. ಮ್ಯಾಟ್ ಕಾರಣವಲ್ಲದಿದ್ದರೆ ಲಿಂಕೇಜಿನ ಒಂದೊಂದು ಕೀಲನ್ನೂ ಕೈಯಲ್ಲಿ ಅಲ್ಲಾಡಿಸಿ. ಲೋಹದ ಗುಂಡಿನ ಮೇಲೆ ಕೂರುವ ಪ್ಲಾಸ್ಟಿಕ್ ಸಾಕೆಟ್‌ಗಳು, ಬುಷ್‌ಗಳು ಸವೆದು ಲೊಡಲೊಡ ಅನ್ನುತ್ತಿರುತ್ತವೆ. ಒಂದೊಂದು ಕೀಲಿನಲ್ಲಿ ಸ್ವಲ್ಪ ಸ್ವಲ್ಪ ಹೋದರೂ ಕೊನೆಗೆ ಪಂಪ್ ಮುಟ್ಟುವಷ್ಟರಲ್ಲಿ ಕಾಲು ಭಾಗ ಕಳೆದಿರುತ್ತದೆ.

ಲಿಂಕೇಜು ಪೂರ್ತಿ ತಿರುಗದಿದ್ದರೆ ಡೀಸೆಲ್ ಪೂರ್ತಿ ಹೋಗುವುದಿಲ್ಲ, ಪಿಕಪ್ ಕಮ್ಮಿ. ಕೇಬಲ್ ಪೂರ್ತಿ ಎಳೆಯುವುದಿಲ್ಲ, ಗೇರ್ ಬೇಗ. ಇಂಜೆಕ್ಷನ್ ಪಂಪ್ ಮೇಲಿರುವ ವ್ಯಾಕ್ಯೂಮ್ ಕಂಟ್ರೋಲ್ ವಾಲ್ವ್ ಪೂರ್ತಿ ತಿರುಗುವುದಿಲ್ಲ, ಮಾಡ್ಯುಲೇಟರಿಗೆ ವ್ಯಾಕ್ಯೂಮ್ ಜಾಸ್ತಿ ಉಳಿದು ಗೇರ್ ಮೆತ್ತಗೆ. ನೀವು ಹೇಳಿದ ಮೂರೂ ತೊಂದರೆಗೆ ಒಂದೇ ಕಾರಣ ಸಾಕು. ಪಿಕಪ್ ಕಮ್ಮಿ ಅಂತ ನೀವು ಬರೆಯದಿದ್ದರೆ ನಾನು ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ.

ಲಿಂಕೇಜು ಸರಿ ಮಾಡಿದ ಮೇಲೆ ಬೌಡನ್ ಕೇಬಲ್ ನೋಡಿ. ತುದಿಯ ಸಾಕೆಟ್ ಗುಂಡಿನ ಮೇಲೆ ಕೂತಿದೆಯೇ, ಕೇಬಲ್ಲಿನ ಹೊರಕವಚ ಬ್ರಾಕೆಟ್ಟಿನಲ್ಲಿ ಸರಿಯಾಗಿ ಕಚ್ಚಿದೆಯೇ? ಕಾಲು ತೆಗೆದಿರುವಾಗ ಕೇಬಲ್ ಜೋಲಬಾರದು, ಹಾಗಂತ ಎಳೆದುಕೊಂಡೂ ಇರಬಾರದು. ತಿರುಗಿಸುವ ಅಡ್ಜಸ್ಟರ್ ಇದೆ. ಮುಟ್ಟುವ ಮುಂಚೆ ಈಗಿನ ಜಾಗಕ್ಕೆ ಪೇಂಟಿನಿಂದ ಒಂದು ಗುರುತು ಹಾಕಿ, ಆಮೇಲೆ ಒಂದೆರಡು ಸುತ್ತು ತಿರುಗಿಸಿ, ಓಡಿಸಿ ನೋಡಿ, ಮತ್ತೆ ತಿರುಗಿಸಿ. ಒಂದೇ ಸಲಕ್ಕೆ ಹತ್ತು ಸುತ್ತು ಬೇಡ.

ಇಷ್ಟಾದ ಮೇಲೂ ಗೇರ್ ಸರಿಯಾದ ವೇಗಕ್ಕೆ ಬೀಳುತ್ತಿದೆ ಆದರೆ ಮೆತ್ತಗೇ ಇದೆ ಅಂದರೆ ಒಂದು ವ್ಯಾಕ್ಯೂಮ್ ಗೇಜ್ ತನ್ನಿ, ದುಬಾರಿ ಏನಲ್ಲ. ಮಾಡ್ಯುಲೇಟರಿಗೆ ಹೋಗುವ ಪೈಪಿಗೆ ಇಂಗ್ಲಿಷಿನ ಟೀ ಅಕ್ಷರದಂಥ ಕವಲು ಹಾಕಿ ಗೇಜ್ ಜೋಡಿಸಿ. ಇಂಜಿನ್ ಐಡಲ್‌ನಲ್ಲಿರುವಾಗ 10ರಿಂದ 15 ಇಂಚಿನ (ಪಾದರಸದ ಲೆಕ್ಕ) ಮಧ್ಯೆ ಎಲ್ಲೋ ತೋರಿಸಬೇಕು. ಇಂಜೆಕ್ಷನ್ ಪಂಪ್ ಮೇಲಿನ ಆ ವಾಲ್ವಿನ ಲಿವರನ್ನು ಮೆಲ್ಲಗೆ ತಿರುಗಿಸಿದಂತೆ ಮುಳ್ಳು ಕ್ರಮವಾಗಿ ಇಳಿದು ಕೊನೆಯಲ್ಲಿ ಸೊನ್ನೆಯ ಹತ್ತಿರ ಬರಬೇಕು. ಅದರ ಬದಲು ಮುಳ್ಳು 20 ಇಂಚು ದಾಟಿ ಅಲ್ಲೇ ನಿಂತಿದ್ದರೆ, ಏನು ಮಾಡಿದರೂ ಇಳಿಯದಿದ್ದರೆ, ಪೈಪ್ ಅದಲುಬದಲಾಗಿದೆ. ವ್ಯಾಕ್ಯೂಮ್ ಪಂಪಿನ ಪೂರ್ತಿ ಸೆಳೆತ ಕಂಟ್ರೋಲ್ ವಾಲ್ವ್ ದಾಟದೆ ನೇರವಾಗಿ ಮಾಡ್ಯುಲೇಟರಿಗೆ ಹೋಗುತ್ತಿದೆ. ಅಮೆರಿಕದ ಕಾರುಗಳಲ್ಲಿ ಹೊಗೆ ಕಮ್ಮಿ ಮಾಡುವ ಸಾಮಾನಿಗೂ ಅಲ್ಲೇ ಪೈಪ್ ಹಾಯಿಸಿರುವುದರಿಂದ ಈ ಗೊಂದಲ ಬಹಳ ಸಾಮಾನ್ಯ. ಮುಳ್ಳು ಇಳಿಯುತ್ತದೆ ಆದರೆ ತೀರಾ ತಡವಾಗಿ ಇಳಿಯುತ್ತದೆ ಅಂದರೆ ವಾಲ್ವನ್ನೇ ಅಡ್ಜಸ್ಟ್ ಮಾಡಬೇಕು.

ಗೇಜ್ ಇಲ್ಲದಿದ್ದರೂ ಒಂದು ಪರೀಕ್ಷೆ ಇದೆ. ರೀಬಿಲ್ಡ್ ಅಂದವರಿಗೆ ದುಡ್ಡು ಕೊಡುವ ಮುಂಚೆ ಇದನ್ನಂತೂ ಮಾಡಲೇಬೇಕು. ಮಾಡ್ಯುಲೇಟರಿನಿಂದ ಪೈಪ್ ಕಳಚಿ, ಪೈಪಿನ ಬಾಯಿಗೆ ಏನಾದರೂ ಗಟ್ಟಿಯಾಗಿ ತುರುಕಿ. ನಿಮ್ಮ ಕಡೆ ಗಾಲ್ಫ್ ಚೆಂಡು ಇಡುವ ಮರದ ಮೊಳೆ ಸಿಗುತ್ತದಲ್ಲ, ಅದು ಅಳತೆ ಮಾಡಿಸಿದ ಹಾಗೆ ಕೂರುತ್ತದೆ. ಪೈಪಿನ ಬಾಯಿ ತೆರೆದು ಬಿಡಬೇಡಿ, ಬ್ರೇಕಿನ ವ್ಯಾಕ್ಯೂಮೂ ಅದೇ ಪಂಪಿನದು. ಈಗ ಮಾಡ್ಯುಲೇಟರಿಗೆ ವ್ಯಾಕ್ಯೂಮ್ ಸೊನ್ನೆ. ಪೆಟ್ಟಿಗೆ ಆರೋಗ್ಯವಾಗಿದ್ದರೆ ಗೇರ್ ಗಟ್ಟಿಯಾಗಿ, ಕತ್ತು ಅಲ್ಲಾಡುವ ಹಾಗೆ ಬೀಳಬೇಕು. ಬಿದ್ದರೆ ಖುಷಿಪಡಿ, ತಪ್ಪು ಹೊರಗಿದೆ. ಹಾಗೆ ಮಾಡಿದರೂ ಮೆತ್ತಗೇ ಇದ್ದರೆ, ಇಂಜಿನ್ ಕೂಗುವುದು ನಿಲ್ಲದಿದ್ದರೆ, ಆಗ ಒಳಗೆ ಪ್ರೆಶರ್ ಬರುತ್ತಿಲ್ಲ. ಫಿಲ್ಟರ್ ಕಟ್ಟಿರಬಹುದು. ಬೇರೆಲ್ಲ ಗೇರ್ ಸರಿಯಾಗಿ ಹಿಡಿದು ಎರಡರಿಂದ ಮೂರಕ್ಕೆ ಮಾತ್ರ ಕೂಗುತ್ತಿದ್ದರೆ ಮೂರನೇ ಗೇರ್ ಹಿಡಿಸುವ ಕೆ1 ಕ್ಲಚ್ಚಿನ ಕಡೆ ಬೆರಳು ತೋರಿಸಬೇಕಾಗುತ್ತದೆ. ಈ ಪೆಟ್ಟಿಗೆಯಲ್ಲಿ ಅದು ಗೊತ್ತಿರುವ ದುರ್ಬಲ ಜಾಗ. ಆಗಲೂ ಮೊದಲು ಆ ಕ್ಲಚ್ಚಿಗೆ ಸೇರಿದ ಸ್ಪ್ರಿಂಗ್ ಬದಲಿಸಿ ನೋಡುವ ದಾರಿ ಇದೆ, ನೇರವಾಗಿ ಪೂರ್ತಿ ರೀಬಿಲ್ಡ್ ಅಲ್ಲ.

ಮಾಡ್ಯುಲೇಟರಿನ ರಬ್ಬರ್ ಮುಚ್ಚಳದ ಕೆಳಗೆ ಟೀ ಆಕಾರದ ಸಣ್ಣ ಕೀ ಇದೆ. ಬಲಕ್ಕೆ ತಿರುಗಿಸಿದರೆ ಗೇರ್ ಗಟ್ಟಿ, ಎಡಕ್ಕೆ ಮೆತ್ತಗೆ. ಇದು ಗೊತ್ತಾದ ತಕ್ಷಣ ಎಲ್ಲರ ಕೈಯೂ ಅಲ್ಲಿಗೇ ಹೋಗುತ್ತದೆ. ದಯವಿಟ್ಟು ಇದನ್ನು ಕೊನೆಗೆ ಇಟ್ಟುಕೊಳ್ಳಿ. ಕೇಬಲ್ ಸಡಿಲ ಇರುವಾಗ ಕೀ ತಿರುಗಿಸಿ ಗಟ್ಟಿ ಮಾಡಿದರೆ ಗೇರ್ ಬೇಗ ಬೀಳುವುದು ಹಾಗೇ ಉಳಿಯುತ್ತದೆ, ಜೊತೆಗೆ ಸಿಗ್ನಲ್‌ನಲ್ಲಿ ನಿಧಾನಕ್ಕೆ ಹೋಗುವಾಗ ಒದೆತ ಬೇರೆ ಸೇರಿಕೊಳ್ಳುತ್ತದೆ. ಆಮೇಲೆ ಯಾವುದು ಮೊದಲಿನ ತಪ್ಪು, ಯಾವುದು ನಾವು ಮಾಡಿದ್ದು ಅಂತ ಯಾರಿಗೂ ತಿಳಿಯುವುದಿಲ್ಲ.

ಇನ್ನು ಮನೆಯಾಕೆಗೆ ಹೇಳಬೇಕಾದ ಮಾತು. ಜರ್ಕ್ ಇಲ್ಲದಿರುವುದು ಕೂತವರಿಗೆ ಸುಖ, ನಿಜ. ಆದರೆ ಗೇರ್ ಹಿಡಿಯಲು ತೆಗೆದುಕೊಳ್ಳುವ ಆ ಹೆಚ್ಚಿನ ಅರೆಕ್ಷಣ ಕ್ಲಚ್ ಪ್ಲೇಟ್‌ಗಳು ಒಂದರ ಮೇಲೊಂದು ಉಜ್ಜುತ್ತಿರುತ್ತವೆ. ಶಾಖ ಹುಟ್ಟುತ್ತದೆ, ಲೈನಿಂಗ್ ಸುಡುತ್ತದೆ. ಈ ಕಾಲದ ಬೆಂಜ್ ಪೆಟ್ಟಿಗೆ ಹೊಸದರಲ್ಲೂ ಗೇರ್ ಬಿದ್ದದ್ದನ್ನು ಬೆನ್ನಿಗೆ ತಿಳಿಸುತ್ತಿತ್ತು. ಆ ಸಣ್ಣ ತಳ್ಳು ವಾಪಸ್ ಬರಲಿ ಅಂತಲೇ ನಾವು ಇಷ್ಟೆಲ್ಲ ಮಾಡುತ್ತಿರುವುದು.

ಪ್ರಶ್ನೆ: ಮಸ್ಕತ್‌ನಲ್ಲಿದ್ದೇನೆ, ಊರು ಕುಂದಾಪುರದ ಕಡೆ. 1985ರ ಶೆವರ್ಲೆ ಕ್ಯಾಪ್ರಿಸ್ ಇದೆ, ವಿ8, ಓವರ್‌ಡ್ರೈವ್ ಇರುವ ನಾಲ್ಕು ಗೇರಿನ ಆಟೊಮ್ಯಾಟಿಕ್. ಹಳೆಯ ಕಾರ್ಬ್ಯುರೇಟರ್ ಹೋಯಿತು ಅಂತ ಹೊರಗಿನ ಕಂಪನಿಯ ಹೊಸದು ಹಾಕಿಸಿದೆ. ಇಂಜಿನ್ ಈಗ ಬಹಳ ಚೆನ್ನಾಗಿದೆ. ಆದರೆ ಗೇರ್ ಬೇಗ ಬೀಳುತ್ತದೆ, ಮೆತ್ತಗೆ ಜಾರಿದ ಹಾಗೆ. ಕಾರ್ಬ್ಯುರೇಟರಿಗೆ ಬಂದ ಕೇಬಲ್ ಒಂದು ಸ್ವಲ್ಪ ಜೋತಿದೆ. ನನ್ನ ಸ್ನೇಹಿತರ ಹತ್ತಿರ 1970ರ ದಶಕದ ಕ್ಯಾಪ್ರಿಸ್ ಇದೆ. ಅವರು ‘ಅದು ಕಿಕ್‌ಡೌನ್ ಕೇಬಲ್, ಇಲ್ಲದಿದ್ದರೂ ನಡೆಯುತ್ತೆ, ನನ್ನದರಲ್ಲಿ ತೆಗೆದೇ ಹಾಕಿದ್ದೇನೆ’ ಅಂತಾರೆ. ಹಾಗೇ ಓಡಿಸಬಹುದಾ?

ಉತ್ತರ: ಬೇಡ. ಇವತ್ತಿನಿಂದಲೇ ನಿಲ್ಲಿಸಿ. ಸನ್ನಿವೇಲ್‌ನವರಿಗೆ ‘ನಿಧಾನಕ್ಕೆ ನೋಡಿ’ ಅಂದೆ, ನಿಮಗೆ ಹಾಗೆ ಹೇಳುವಂತಿಲ್ಲ.

ನಿಮ್ಮ ಸ್ನೇಹಿತರು ಸುಳ್ಳು ಹೇಳುತ್ತಿಲ್ಲ. ಅವರ ಕಾರಿನಲ್ಲಿರುವುದು ಬಹುಶಃ ಟರ್ಬೊ 350, ಮೂರು ಗೇರಿನದು. ಅದರಲ್ಲಿ ಪ್ರೆಶರ್ ನೋಡಿಕೊಳ್ಳುವುದು ವ್ಯಾಕ್ಯೂಮ್ ಮಾಡ್ಯುಲೇಟರ್. ಕೇಬಲ್ ಇರುವುದು ಕಿಕ್‌ಡೌನ್‌ಗೆ ಮಾತ್ರ. ಸಡಿಲ ಆದರೆ ಓವರ್‌ಟೇಕ್ ಮಾಡುವಾಗ ಕೆಳಗಿನ ಗೇರ್ ಸಿಗುವುದಿಲ್ಲ, ಅಷ್ಟೆ. ನಿಮ್ಮದು ಬಹುಶಃ 700ಆರ್4. ಇದು 1982ರಲ್ಲಿ ಬಂದದ್ದು. ಇದರಲ್ಲಿ ವ್ಯಾಕ್ಯೂಮ್ ಮಾಡ್ಯುಲೇಟರ್ ಇಲ್ಲವೇ ಇಲ್ಲ. ಗೇರ್ ಯಾವಾಗ ಬೀಳಬೇಕು, ಎಷ್ಟು ಗಟ್ಟಿಯಾಗಿ ಹಿಡಿಯಬೇಕು ಎರಡೂ ಆ ಒಂದೇ ಕೇಬಲ್ಲಿನ ಮೇಲೆ ನಿಂತಿದೆ. ಅದರ ಹೆಸರು ಟಿ.ವಿ. ಕೇಬಲ್, ಥ್ರಾಟಲ್ ವಾಲ್ವ್ ಕೇಬಲ್. ನೋಡಲು ಎರಡೂ ಒಂದೇ ಥರ, ಎರಡೂ ಕಾರ್ಬ್ಯುರೇಟರಿಗೇ ಬಂದು ಸೇರುತ್ತವೆ. ಎಷ್ಟೋ ಒಳ್ಳೆಯ ಪೆಟ್ಟಿಗೆಗಳು ಸತ್ತದ್ದು ಈ ಹೋಲಿಕೆಯಿಂದಲೇ. ಕೇಬಲ್ ಜೋತರೆ ಪ್ರೆಶರ್ ಏರುವುದಿಲ್ಲ, ದೊಡ್ಡ ವಿ8ನ ಎಳೆತಕ್ಕೆ ಪ್ಲೇಟ್‌ಗಳು ಜಾರುತ್ತವೆ. ಮೊದಲು ಸುಡುವುದು ಮೂರು ಮತ್ತು ನಾಲ್ಕನೇ ಗೇರಿನ ಕ್ಲಚ್. ಮಸ್ಕತ್‌ನ ಬೇಸಿಗೆಯಲ್ಲಿ ಅದಕ್ಕೆ ಜಾಸ್ತಿ ದಿನ ಬೇಕಾಗಿಲ್ಲ.

ನಿಮ್ಮದು ಯಾವ ಪೆಟ್ಟಿಗೆ ಅಂತ ಅನುಮಾನ ಇದ್ದರೆ ಕಾರು ಎತ್ತಿಸಿ ಕೆಳಗಿನ ಆಯಿಲ್ ಪ್ಯಾನಿನ ಬೋಲ್ಟ್ ಎಣಿಸಿ. 13 ಬೋಲ್ಟ್, ಒಂದು ಮೂಲೆ ಕತ್ತರಿಸಿದ ಹಾಗಿದ್ದರೆ 350. ಉದ್ದ ಚೌಕ, 16 ಬೋಲ್ಟ್ ಇದ್ದರೆ 700ಆರ್4.

ಅಡ್ಜಸ್ಟ್ ಮಾಡುವುದು ಸುಲಭ, ಇಂಜಿನ್ ಆಫ್ ಇರಬೇಕು. ಕಾರ್ಬ್ಯುರೇಟರ್ ಬದಿಯ ಬ್ರಾಕೆಟ್ಟಿನಲ್ಲಿ ಕೇಬಲ್ಲಿಗೆ ಒಂದು ಒತ್ತುವ ಗುಂಡಿ ಇದೆ. ಅದನ್ನು ಒತ್ತಿ ಹಿಡಿದು ಜಾರುವ ಭಾಗವನ್ನು ಡ್ಯಾಶ್‌ಬೋರ್ಡ್ ಕಡೆಗೆ ಪೂರ್ತಿ ಹಿಂದಕ್ಕೆ ತಳ್ಳಿ ಗುಂಡಿ ಬಿಡಿ. ಆಮೇಲೆ ಕಾರ್ಬ್ಯುರೇಟರಿನ ಲಿವರನ್ನು ಕೈಯಿಂದಲೇ ಪೂರ್ತಿ ತೆರೆಯಿರಿ. ಟಕ ಟಕ ಅಂತ ಸದ್ದು ಮಾಡುತ್ತಾ ಕೇಬಲ್ ತನ್ನ ಅಳತೆ ತಾನೇ ಹಿಡಿಯುತ್ತದೆ.

ಆದರೆ ನಿಮ್ಮ ವಿಷಯದಲ್ಲಿ ಇಷ್ಟಕ್ಕೇ ಮುಗಿಯುವುದಿಲ್ಲ. ಹಳೆಯ ಕಾರ್ಬ್ಯುರೇಟರಿನಲ್ಲಿ ಕೇಬಲ್ ಸಿಕ್ಕಿಸುವ ಮೊಳೆ ಲಿವರಿನ ಯಾವ ಜಾಗದಲ್ಲಿ, ಯಾವ ಕೋನದಲ್ಲಿ ಇರಬೇಕು ಅಂತ ಲೆಕ್ಕ ಹಾಕಿ ಇಟ್ಟಿದ್ದರು. ಹೊಸದರ ಲಿವರ್ ಆಕಾರವೇ ಬೇರೆ. ಪೂರ್ತಿ ತೆರೆದಾಗ ಕೇಬಲ್ ಸರಿಯಾಗಿ ಎಳೆದರೂ ನಡುವಿನಲ್ಲಿ, ಅಂದರೆ ನೀವು ದಿನವೂ ಓಡಿಸುವ ಕಾಲು, ಅರ್ಧ ಆಕ್ಸಿಲರೇಟರಿನಲ್ಲಿ, ಕಮ್ಮಿ ಎಳೆಯುತ್ತದೆ. ಇದಕ್ಕೆಂದೇ ಜೋಡಿಸುವ ತಿದ್ದುಪಡಿ ಬ್ರಾಕೆಟ್ ಸಿಗುತ್ತದೆ. ಕಾರ್ಬ್ಯುರೇಟರಿನ ಮಾದರಿ ಹೇಳಿ ತರಿಸಿಕೊಳ್ಳಿ. ಅಲ್ಲಿನ ವೆಲ್ಡರ್ ‘ಒಂದು ಪಟ್ಟಿ ಬೆಸುಗೆ ಹಾಕಿ ಕೊಡ್ತೀನಿ’ ಅಂದರೆ ಒಪ್ಪಬೇಡಿ. ಬ್ರಾಕೆಟ್ ಕೂಡ ಗಟ್ಟಿ ಇರಬೇಕು, ಎಳೆದಾಗ ಬಾಗಿದರೆ ಅಷ್ಟೂ ಎಳೆತ ವ್ಯರ್ಥ. 1993ರ ಹೊತ್ತಿಗೆ ಈ ಪೆಟ್ಟಿಗೆಗೆ ಎಲೆಕ್ಟ್ರಾನಿಕ್ ರೂಪ ಬಂದು ಕೇಬಲ್ಲೇ ಇಲ್ಲವಾಯಿತು. ಯಾಕೆ ಅಂತ ನಿಮಗೀಗ ಗೊತ್ತಾಗಿರಬೇಕು.

ಸರಿ ಮಾಡಿದ ಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಪ್ಯಾನ್ ತೆಗೆದಾಗ ತಳದಲ್ಲಿ ತೆಳುವಾಗಿ ಬೂದು ಕೆಸರು ಇದ್ದರೆ ಚಿಂತೆ ಬೇಡ. ಕಪ್ಪು ಪುಡಿ ದಪ್ಪಗೆ ಕೂತಿದ್ದರೆ ನಾನು ಬರೆದದ್ದು ತಡವಾಯಿತು ಅಂತ ತಿಳಿಯಿರಿ.

ಪ್ರಶ್ನೆ: ಬೆಂಗಳೂರಿನ ಬಸವನಗುಡಿಯಿಂದ. ಗಲ್ಫ್‌ನಿಂದ ವಾಪಸ್ ಬಂದಾಗ ನಮ್ಮ ಮಾವನವರು ತಂದ ಪೆಟ್ರೋಲ್ ಬೆಂಜ್ 230ಇ ಆಟೊಮ್ಯಾಟಿಕ್ ಇನ್ನೂ ಮನೆಯಲ್ಲಿದೆ, ನಾನೇ ಓಡಿಸುತ್ತೇನೆ. ಬೆಂಗಳೂರಿನಲ್ಲಿ ಗೇರ್ ಸ್ವಲ್ಪ ಬಿಗಿ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರೆ ಅದೇ ಕಾರು ಮೆತ್ತಗಾಗುತ್ತದೆ. ಮನೆಯಲ್ಲಿ ಹೇಳಿದರೆ ‘ನಿನ್ನ ಭ್ರಮೆ’ ಅಂತಾರೆ.

ಉತ್ತರ: ಭ್ರಮೆ ಅಲ್ಲಮ್ಮ. ನಿಮ್ಮ ಬೆನ್ನು ನಿಮ್ಮ ಮನೆಯವರ ಕಿವಿಗಿಂತ ಚುರುಕಾಗಿದೆ.

ಪೆಟ್ರೋಲ್ ಬೆಂಜ್‌ನಲ್ಲಿ ಮಾಡ್ಯುಲೇಟರಿಗೆ ವ್ಯಾಕ್ಯೂಮ್ ಬರುವುದು ಇಂಜಿನ್ನಿನ ಮ್ಯಾನಿಫೋಲ್ಡಿನಿಂದ, ಅಂದರೆ ಇಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯಿಂದ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. 300 ಮೀಟರಿಗೆ ಒಂದು ಇಂಚಿನಷ್ಟು ಅಂತ ಇಟ್ಟುಕೊಳ್ಳಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಅಂದರೆ ಸುಮಾರು ಮೂರು ಇಂಚು ಕಮ್ಮಿ. ವ್ಯಾಕ್ಯೂಮ್ ಕಮ್ಮಿ ಆದರೆ ಗೇರ್ ಬಿಗಿ. ಮಂಗಳೂರಿನಲ್ಲಿ ಆ ಮೂರು ಇಂಚು ವಾಪಸ್ ಸಿಗುತ್ತದೆ, ಗೇರ್ ಮೆತ್ತಗಾಗುತ್ತದೆ. ಅಮೆರಿಕದ ಕೆಲವು ಗೇರ್‌ಬಾಕ್ಸ್‌ಗಳಿಗೆ ಎತ್ತರಕ್ಕೆ ತಕ್ಕಂತೆ ತಾನೇ ಸರಿಪಡಿಸಿಕೊಳ್ಳುವ ಮಾಡ್ಯುಲೇಟರನ್ನೇ ಮಾಡಿದ್ದರು.

ಇದರಿಂದ ನಿಮಗೆ ಎರಡು ಉಪಯೋಗ. ವಿದೇಶಿ ಪುಸ್ತಕದಲ್ಲಿ ಐಡಲ್ ವ್ಯಾಕ್ಯೂಮ್ 18ರ ಮೇಲಿರಬೇಕು ಅಂತ ಬರೆದಿದ್ದು, ಬೆಂಗಳೂರಿನ ಗ್ಯಾರೇಜಿನಲ್ಲಿ 16 ತೋರಿಸಿದರೆ ಇಂಜಿನ್ ಬಿಚ್ಚಿಸಬೇಡಿ. ಹಾಗೇ ಬೆಂಗಳೂರಿನಲ್ಲಿ ಬಿಗಿ ಅಂತ ಮಾಡ್ಯುಲೇಟರಿನ ಕೀ ತಿರುಗಿಸಿ ಮೆತ್ತಗೆ ಮಾಡಿಸಬೇಡಿ. ಅಲ್ಲಿ ಹದವಾಗಿ ಕಂಡದ್ದು ಮಂಗಳೂರಿನಲ್ಲಿ ಜಾರಲು ಶುರುವಾಗುತ್ತದೆ. ಘಟ್ಟದ ಕೆಳಗೆ ಹೋಗುವ ಅಭ್ಯಾಸ ಇರುವ ಕಾರಿಗೆ ಕೆಳಗಿನ ಊರಿನಲ್ಲೇ ಸೆಟ್ಟಿಂಗ್ ಮಾಡಿಸುವುದು ಸರಿ. ಘಾಟಿ ಇಳಿಯುವಾಗ ಲಿವರ್ ಡಿ ಬಿಟ್ಟು ಕೆಳಗಿನ ಗೇರಿಗೆ ಎಳೆದುಕೊಳ್ಳುತ್ತೀರಿ ತಾನೇ?

ಪ್ರಶ್ನೆ: ಮೈಸೂರು. 1965ರ ಶೆವರ್ಲೆ ಇಂಪಾಲಾ, ಪವರ್‌ಗ್ಲೈಡ್ ಗೇರ್‌ಬಾಕ್ಸ್. ಗೇರ್ ಆಯಿಲ್ ಮೇಲಿಂದ ಮೇಲೆ ಕಮ್ಮಿ ಆಗುತ್ತದೆ. ನೆಲದ ಮೇಲೆ ಒಂದು ಹನಿ ಇಲ್ಲ. ಆಯಿಲ್ ಇಳಿದಾಗ ಗೇರ್ ಜಾರುತ್ತದೆ, ತುಂಬಿದರೆ ಸರಿ. ಬಾಟಲಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ದ್ರವ ಹಾಕಲೇ?

ಉತ್ತರ: ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬರುತ್ತಿದೆಯಾ ಅಂತ ನೀವು ಬರೆದಿಲ್ಲ. ಬರುತ್ತಿರಬೇಕು. ಮಾಡ್ಯುಲೇಟರಿನ ಒಳಗಿನ ಡಯಾಫ್ರಮ್ (ರಬ್ಬರ್ ಪೊರೆ) ಹರಿದರೆ ಇಂಜಿನ್ ತನ್ನ ವ್ಯಾಕ್ಯೂಮ್ ಪೈಪಿನ ಮೂಲಕ ಗೇರ್ ಆಯಿಲನ್ನು ಹೀರಿಕೊಂಡು ಸುಟ್ಟುಬಿಡುತ್ತದೆ. ನೆಲಕ್ಕೆ ಬೀಳಲು ಏನೂ ಉಳಿಯುವುದಿಲ್ಲ. ಮಾಡ್ಯುಲೇಟರಿನಿಂದ ರಬ್ಬರ್ ಪೈಪ್ ಎಳೆದು ಒಳಗೆ ಒಂದು ಕಡ್ಡಿ ಹಾಕಿ ನೋಡಿ. ಕೆಂಪು ಆಯಿಲ್ ಹತ್ತಿದರೆ ಅದೇ ಕಾಯಿಲೆ. ನಿಮ್ಮ ಎರಡು ಗೇರಿನ ಪವರ್‌ಗ್ಲೈಡ್‌ನಲ್ಲಿ ಮಾಡ್ಯುಲೇಟರನ್ನು ಗೇರ್‌ಬಾಕ್ಸಿಗೆ ತಿರುಚಿ ಕೂರಿಸಿದ್ದಾರೆ. ಪೆಟ್ಟಿಗೆ ಇಳಿಸದೆ ಕೆಳಗಿನಿಂದಲೇ ಬದಲಿಸಬಹುದು. ಬಾಟಲಿ ದ್ರವ ಬೇಡ, ಹರಿದ ಡಯಾಫ್ರಮ್ ಅದರಿಂದ ಕೂಡುವುದಿಲ್ಲ. ಹೊಸ ಮಾಡ್ಯುಲೇಟರ್ ಹಾಕುವಾಗ ಆಯಿಲ್ ಕುಡಿದು ಮೆತ್ತಗಾದ ಹಳೆಯ ರಬ್ಬರ್ ಪೈಪನ್ನೂ ಎಸೆದು ಬೇರೆ ಹಾಕಿ. ವ್ಯಾಕ್ಯೂಮ್ ಪೈಪ್ ಅಂತಲೇ ಕೇಳಿ ತನ್ನಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುವ ಮಾಮೂಲಿ ಪೆಟ್ರೋಲ್ ಪೈಪ್ ತಿರುವಿನಲ್ಲಿ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ.